ಮನೆ ಕೆಲಸ ಕೆಟ್ಟಿದೆ: ಅದೇ ಕೆಲಸದವರನ್ನು ಕರೆಯುವುದೋ, ಬೇರೆಯವರನ್ನು ಹಿಡಿಯುವುದೋ, ದೂರು ಕೊಡುವುದೋ?

ಹೊಸ ಟೈಲ್ಸ್ ಹಾಕಿಸಿದ್ದೀರಿ, ಬಚ್ಚಲಿನ ಮೂಲೆಯಲ್ಲಿ ನೀರು ನಿಲ್ಲುತ್ತಿದೆ. ಬಣ್ಣ ಹೊಡೆಸಿ ಎರಡು ತಿಂಗಳಾಗಿಲ್ಲ, ಗೋಡೆಯಿಂದ ಚಕ್ಕೆ ಏಳುತ್ತಿದೆ. ಕಪಾಟಿನ ಬಾಗಿಲು ಒಂದು ಕಡೆ ಕೂತರೆ ಇನ್ನೊಂದು ಕಡೆ ಎದ್ದು ನಿಲ್ಲುತ್ತದೆ. ಹಣದಲ್ಲಿ ಮುಕ್ಕಾಲು ಪಾಲು ಕೊಟ್ಟಾಗಿದೆ. ಫೋನ್ ಮಾಡಿದರೆ "ನಾಳೆ ಬರ್ತೀನಿ" ಅನ್ನುವ ಮಾತು, ಆ ನಾಳೆ ಬರುವುದೇ ಇಲ್ಲ.

ಇಂಥ ಹೊತ್ತಿನಲ್ಲಿ ಕೆಲವರು ಕೂಗಾಡಿ ಮಾತು ಮುರಿದುಕೊಳ್ಳುತ್ತಾರೆ. ಇನ್ನು ಕೆಲವರು ಸುಮ್ನೆ ನುಂಗಿಕೊಂಡು ಬೇರೆಯವರನ್ನು ಕರೆದು ಎರಡನೇ ಸಲ ಹಣ ಸುರಿಯುತ್ತಾರೆ. ಎರಡರಲ್ಲೂ ನಷ್ಟ ನಿಮಗೇ. ನಿಜಕ್ಕೂ ನಿಮ್ಮ ಮುಂದೆ ಐದು ದಾರಿಗಳಿವೆ: ಅದೇ ಕೆಲಸದವರಿಂದ ಸರಿ ಮಾಡಿಸುವುದು, ಬಾಕಿ ಹಣದಲ್ಲಿ ಕಡಿತ ಮಾಡುವುದು, ಬೇರೆಯವರಿಂದ ಮಾಡಿಸುವುದು, ಸಂಬಂಧವಿಲ್ಲದ ತಜ್ಞರಿಂದ ನೋಡಿಸುವುದು, ದೂರು ಕೊಡುವುದು.

ಯಾವುದು ನಿಮಗೆ ಸರಿ ಅನ್ನುವುದನ್ನು ನಾನು ಒಂದೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಇದು ಗಮನ ಸಾಲದೆ ಕೆಟ್ಟ ಕೆಲಸವೋ, ಕೆಲಸ ಗೊತ್ತಿಲ್ಲದೆ ಕೆಟ್ಟದ್ದೋ? ಗಡಿಬಿಡಿಯಲ್ಲಿ ತಪ್ಪಿದವರಿಗೆ ಇನ್ನೊಂದು ಅವಕಾಶ ಕೊಡಬಹುದು. ಕೆಲಸವೇ ಗೊತ್ತಿಲ್ಲದವರು ಅದೇ ಜಾಗವನ್ನು ಎಷ್ಟು ಸಲ ಮಾಡಿದರೂ ಅದು ಹಾಗೇ ಬರುತ್ತದೆ. ಇದಾದ ಮೇಲೆ ಬರುವ ಪ್ರಶ್ನೆ, ನಿಮ್ಮ ಕೈಯಲ್ಲಿ ಇನ್ನೂ ಎಷ್ಟು ಹಣ ಉಳಿದಿದೆ ಎನ್ನುವುದು. ಪೂರ್ತಿ ಕೊಟ್ಟು ಮುಗಿಸಿದ್ದರೆ ಎರಡನೇ ದಾರಿ ಆಗಲೇ ಮುಚ್ಚಿದೆ.

ಮೊದಲು ಕೆಟ್ಟಿರುವುದೇನು ಅಂತ ನೋಡಿ

ಜಗಳಕ್ಕೆ ಹೋಗುವ ಮುಂಚೆ ತಪ್ಪನ್ನು ಕೈಯಿಂದ ಮುಟ್ಟಿ, ಅಳೆದು ನೋಡಬೇಕು. "ಕೆಲಸ ಸರಿ ಇಲ್ಲ" ಅಂದರೆ ಯಾರೂ ಒಪ್ಪುವುದಿಲ್ಲ. "ನೀರು ಹೊರಹೋಗುವ ಜಾಲರಿಯ ಎಡಗಡೆಗೆ ಒಂದು ಅಡಿ ದೂರದಲ್ಲಿ ನೀರು ನಿಲ್ಲುತ್ತಿದೆ, ಅಲ್ಲಿ ನೆಲ ಹಿಂದಕ್ಕೆ ಇಳಿದಿದೆ" ಅಂದರೆ ಒಪ್ಪದೆ ಇರುವುದು ಕಷ್ಟ.

ಬಚ್ಚಲಿನ ನೆಲವನ್ನೇ ತೆಗೆದುಕೊಳ್ಳಿ. ನೀರು ಹರಿಯಬೇಕಾದರೆ ನೆಲಕ್ಕೆ ವಾಟ ಇರಬೇಕು. ಒಂದು ಮೀಟರಿಗೆ ಹೆಚ್ಚುಕಡಿಮೆ 1 ರಿಂದ 2 ಸೆಂಟಿಮೀಟರ್ ಇಳಿಜಾರು ಜಾಲರಿಯ ಕಡೆಗೆ ಇರಬೇಕು. ಉದ್ದನೆಯ ರಸಮಟ್ಟ ಇಟ್ಟರೆ ಗೊತ್ತಾಗುತ್ತದೆ. ಇಲ್ಲದಿದ್ದರೆ ಒಂದು ಚೊಂಬು ನೀರು ಸುರಿದು ಹತ್ತು ನಿಮಿಷ ಬಿಟ್ಟು ಬನ್ನಿ. ಟೈಲ್ಸ್ ನಡುವಿನ ಗೆರೆಯಲ್ಲಿ ತೆಳ್ಳಗೆ ಒದ್ದೆ ಉಳಿದಿದ್ದರೆ ಅದು ತಪ್ಪಲ್ಲ. ನೀರು ಕೆರೆಯ ಹಾಗೆ ನಿಂತಿದ್ದರೆ ವಾಟವೇ ತಪ್ಪಿದೆ. ಇದನ್ನು ಮೇಲಿಂದ ಸರಿ ಮಾಡಲು ಬರುವುದಿಲ್ಲ. ಅಷ್ಟು ಜಾಗದ ಟೈಲ್ಸ್ ಕಿತ್ತು, ತಳ ಸರಿ ಮಾಡಿ ಮತ್ತೆ ಕೂರಿಸಬೇಕು.

ಇನ್ನೊಂದು ಪರೀಕ್ಷೆ ನಾಣ್ಯದ್ದು. ಒಂದು ದಪ್ಪ ನಾಣ್ಯ ಹಿಡಿದು ಪ್ರತಿ ಟೈಲಿನ ನಡುವೆ ಒಮ್ಮೆ, ನಾಲ್ಕು ಮೂಲೆಗಳಲ್ಲಿ ಒಮ್ಮೊಮ್ಮೆ ಮೆಲ್ಲಗೆ ಬಡಿಯಿರಿ. ಕೆಳಗೆ ಗಾರೆ ಅಥವಾ ಅಂಟು ತುಂಬಿದ್ದರೆ ಗಟ್ಟಿ ಸದ್ದು, ಇಲ್ಲದಿದ್ದರೆ ಟೊಳ್ಳು ಸದ್ದು. ನಡುವೆ ಗಟ್ಟಿ, ನಾಲ್ಕೂ ಮೂಲೆ ಟೊಳ್ಳು ಅಂತ ಸಾಲಾಗಿ ಬಂದರೆ, ಅಂಟನ್ನು ಹರಡದೆ ಅಲ್ಲಲ್ಲಿ ಉಂಡೆ ಇಟ್ಟು ಕೂರಿಸಿರುವ ಸಾಧ್ಯತೆ ಜಾಸ್ತಿ. ಇಂಥ ಟೈಲಿನ ಮೂಲೆಗಳು ಭಾರ ಬಿದ್ದ ದಿನ ಒಡೆಯುತ್ತವೆ. ಅಮೆರಿಕದ ಮಾನದಂಡ ಸಂಸ್ಥೆಯಾದ ಎಎನ್‌ಎಸ್‌ಐ ಒಣ ಜಾಗದಲ್ಲಿ ಟೈಲಿನ ಕೆಳಭಾಗದ ಕನಿಷ್ಠ 80%, ಒದ್ದೆ ಜಾಗದಲ್ಲಿ 95% ಅಂಟು ತಾಗಿರಬೇಕು ಎನ್ನುತ್ತದೆ. ಅಲ್ಲೊಂದು ಇಲ್ಲೊಂದು ಟೈಲ್ ಟೊಳ್ಳಾಗಿದ್ದರೆ ಗಮನ ತಪ್ಪಿದ್ದು. ಇಡೀ ನೆಲ ಹಾಗೇ ಇದ್ದರೆ ಕೆಲಸದ ರೀತಿಯೇ ತಪ್ಪು. ನೆಲದ ನಕ್ಷೆಯೊಂದನ್ನು ಕಾಗದದ ಮೇಲೆ ಬರೆದು ಟೊಳ್ಳಾದ ಕಡೆಗೆಲ್ಲ ಗುರುತು ಹಾಕಿ. ಆ ಒಂದು ಕಾಗದದಿಂದಲೇ ಮುಂದಿನ ಅರ್ಧ ವಾದ ಮುಗಿಯುತ್ತದೆ.

ಗೋಡೆಯಲ್ಲಿ ಬಣ್ಣ ಉಬ್ಬಿದ್ದರೆ ಒಂದು ಚಕ್ಕೆ ತೆಗೆದು ಅದರ ಬೆನ್ನು ನೋಡಿ. ಬೆನ್ನಿಗೆ ಪುಡಿ ಹತ್ತಿದ್ದರೆ ಹಳೆಯ ಬಣ್ಣವನ್ನೋ ಪುಟ್ಟಿಯನ್ನೋ ಸರಿಯಾಗಿ ಉಜ್ಜದೆ, ಪ್ರೈಮರ್ ಹಾಕದೆ ಬಳಿದಿರಬಹುದು. ಗೋಡೆ ಒದ್ದೆ ಇದ್ದು, ಬಿಳಿ ಉಪ್ಪಿನಂಥ ಹುಡಿ ಮೇಲೆ ಬಂದಿದ್ದರೆ ಒಳಗಿನಿಂದ ನೀರು ಬರುತ್ತಿದೆ. ಆಗ ಪೇಂಟರನ್ನು ಬೈದು ಪ್ರಯೋಜನವಿಲ್ಲ. ಸೋರುತ್ತಿರುವ ಪೈಪ್ ಪ್ಲಂಬರಿನದ್ದಿರಬಹುದು, ಹೊರಗೋಡೆಯ ಬಿರುಕು ಇರಬಹುದು. ಆದರೂ ಒದ್ದೆ ಗೋಡೆ ಎಂದು ಗೊತ್ತಿದ್ದೂ ಹೇಳದೆ ಬಣ್ಣ ಹೊಡೆದಿದ್ದರೆ ಪೇಂಟರಿಗೂ ಪಾಲಿದೆ.

ನ್ಯಾಯವಾಗಿ ನೋಡಿದರೆ ಕೆಲವು ತಪ್ಪುಗಳು ತಪ್ಪೇ ಅಲ್ಲ. ಹೊಸ ಪ್ಲಾಸ್ಟರ್ ಒಣಗುವಾಗ ಕೂದಲೆಳೆಯಂಥ ಬಿರುಕು ಬರುವುದು ಸಾಮಾನ್ಯ. ಅದು ಬಲೆಯ ಹಾಗೆ ಎಲ್ಲೆಡೆ ಬಂದಿದ್ದರೆ ಮಾತ್ರ ನೀರುಣಿಸುವುದರಲ್ಲಿ ಕಮ್ಮಿಯಾಗಿದೆ, ಅಥವಾ ಮಿಶ್ರಣ ಸರಿ ಇಲ್ಲ ಎನ್ನಬಹುದು. ಮರದ ಬಾಗಿಲು ಮಳೆಗಾಲದಲ್ಲಿ ಸ್ವಲ್ಪ ಉಬ್ಬುತ್ತದೆ. ಬೇರೆ ಬೇರೆ ಬ್ಯಾಚಿನ ಟೈಲ್ಸ್ ತಂದುಕೊಟ್ಟವರು ನೀವೇ ಆಗಿದ್ದರೆ ಬಣ್ಣದ ವ್ಯತ್ಯಾಸಕ್ಕೆ ಕೆಲಸದವರು ಹೊಣೆಯಲ್ಲ. "ಪ್ಲಾಸ್ಟರ್ ಒಣಗಲಿ" ಎಂದು ಅವರು ಹೇಳಿದಾಗ ಗೃಹಪ್ರವೇಶಕ್ಕೆ ಹೊತ್ತಾಯಿತೆಂದು ಅವಸರ ಮಾಡಿದವರು ನಾವೇ ಆಗಿದ್ದರೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಲ್ವಾ?

ದಾರಿ ಒಂದು: ಅದೇ ಕೆಲಸದವರಿಂದಲೇ ಸರಿ ಮಾಡಿಸುವುದು

ಹೆಚ್ಚಿನ ಸಂದರ್ಭಗಳಲ್ಲಿ ನಾನು ಮೊದಲು ಹೇಳುವುದು ಇದನ್ನೇ. ಖರ್ಚು ಕಡಿಮೆ. ಒಳಗೆ ಯಾವ ಪೈಪ್ ಎಲ್ಲಿ ಹೋಗಿದೆ ಅವರಿಗೆ ಗೊತ್ತು. ನಾಳೆ ವಿಷಯ ದೂರಿನ ತನಕ ಹೋದರೂ "ಸರಿ ಮಾಡಲು ಅವಕಾಶ ಕೊಟ್ಟಿದ್ದೀರಾ?" ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಕೊಟ್ಟಿರುವುದಕ್ಕೆ ದಾಖಲೆ ಇದ್ದರೆ ನಿಮ್ಮ ಪಕ್ಷ ಗಟ್ಟಿ.

ಆದರೆ ಅವರು ಬಂದು ಜಾಗ ನೋಡಿದ ಕೂಡಲೇ ಒಂದು ಮಾತು ಕೇಳಿ: "ಇದಕ್ಕೆ ಕಾರಣ ಏನು? ಸರಿ ಮಾಡಲು ಏನನ್ನು ಕಿತ್ತು ತೆಗೆಯಬೇಕು?" ಈ ಉತ್ತರದಲ್ಲೇ ಎಲ್ಲ ಗೊತ್ತಾಗುತ್ತದೆ. ಕೆಲಸ ಬಲ್ಲವರು ಕಾರಣ ಹೇಳುತ್ತಾರೆ, ಎಲ್ಲಿಯ ತನಕ ಕೀಳಬೇಕು ಎಂದು ಬೆರಳಿಟ್ಟು ತೋರಿಸುತ್ತಾರೆ. ಗೊತ್ತಿಲ್ಲದವರು ಮೇಲಿಂದ ಏನು ಬಳಿಯಬೇಕು ಎಂಬಲ್ಲಿಂದಲೇ ಮಾತು ಶುರು ಮಾಡುತ್ತಾರೆ. ಬಚ್ಚಲಿನ ನೀರು ಕೆಳಗಿನ ಮನೆಗೆ ಸೋರುತ್ತಿದೆ ಅಂದಾಗ "ಗ್ರೌಟ್ ಮತ್ತೆ ತುಂಬ್ತೀನಿ, ನಿಲ್ಲುತ್ತೆ" ಅಂದರೆ ಅಲ್ಲೇ ಎಚ್ಚರವಾಗಿ. ಗ್ರೌಟ್ ಅಂದರೆ ಟೈಲ್ಸ್ ನಡುವಿನ ಗೆರೆಗೆ ತುಂಬುವ ಗಾರೆ. ಸಿಮೆಂಟಿನ ಗ್ರೌಟ್ ನೀರನ್ನು ಪೂರ್ತಿ ತಡೆಯುವುದಿಲ್ಲ. ತಡೆಯಬೇಕಾದದ್ದು ಟೈಲಿನ ಕೆಳಗಿರುವ ವಾಟರ್‌ಪ್ರೂಫಿಂಗ್ ಪದರ. ಅದು ಹರಿದಿದ್ದರೆ ಅಥವಾ ಮೊದಲೇ ಹಾಕಿಲ್ಲದಿದ್ದರೆ ಮೇಲಿನ ಗ್ರೌಟ್ ಕೆಲವು ದಿನ ತಪ್ಪನ್ನು ಮುಚ್ಚಿಡುತ್ತದೆ ಅಷ್ಟೇ. ಆ ಕೆಲವು ದಿನಗಳಲ್ಲಿ ನಿಮ್ಮ ಬಾಕಿ ಹಣವೂ ಕೈಬಿಟ್ಟು ಹೋಗಿರುತ್ತದೆ.

ಮಾತಾಡುವಾಗ ದನಿ ಏರಿಸಬೇಡಿ, ಹಾಗಂತ ಅಸ್ಪಷ್ಟವಾಗಿಯೂ ಮಾತಾಡಬೇಡಿ. ಎದುರಿಗೆ ಮಾತಾಡಿ ಮುಗಿಸಿದ ಮೇಲೆ ಅದನ್ನೇ ಸಂದೇಶವಾಗಿ ಕಳಿಸಿ. ಹೀಗೆ ಬರೆದರೆ ಸಾಕು:

"ಇವತ್ತು ನೀವು ಬಂದು ನೋಡಿದ ಹಾಗೆ ಬಚ್ಚಲಿನಲ್ಲಿ 6 ಟೈಲ್ಸ್ ಟೊಳ್ಳಾಗಿವೆ, ಎಡ ಮೂಲೆಯಲ್ಲಿ ನೀರು ನಿಲ್ಲುತ್ತಿದೆ. ಫೋಟೋ ಕಳಿಸಿದ್ದೇನೆ. ಇವನ್ನು ಕಿತ್ತು ವಾಟ ಸರಿ ಮಾಡಿ ಮತ್ತೆ ಹಾಕಿಕೊಡುತ್ತೇನೆ ಎಂದಿದ್ದೀರಿ. ಈ ತಿಂಗಳ 20ರ ಒಳಗೆ ಮುಗಿಸಿ. ಟೈಲ್ಸ್ ಮತ್ತು ಕೂಲಿ ಎರಡೂ ನಿಮ್ಮದೇ ಎಂದು ಮಾತಾಗಿದೆ. ನೀರು ಹಾಕಿ ನೋಡಿದ ಮೇಲೆ ಬಾಕಿ ಹಣ ಕೊಡುತ್ತೇನೆ."

ಇದರಲ್ಲಿ ಬೈಗುಳವಿಲ್ಲ, ಬೆದರಿಕೆಯಿಲ್ಲ. ಏನು, ಯಾವಾಗ, ಯಾರ ಖರ್ಚಿನಲ್ಲಿ ಎನ್ನುವ ಮೂರು ವಿಷಯಗಳೂ ಬಂದಿವೆ. ಅವರು "ಸರಿ" ಅಂತ ಉತ್ತರ ಕೊಟ್ಟರೆ ಅದೇ ಒಪ್ಪಂದ. ಒಂದು ಅವಕಾಶ, ಒಂದು ತಾರೀಖು. ಹೇಳಿದ ದಿನ ಬರಲಾಗದೆ ಮೊದಲೇ ಫೋನ್ ಮಾಡಿ ತಿಳಿಸಿದರೆ ಇನ್ನೊಂದು ವಾರ ಕೊಡಿ. ಫೋನನ್ನೇ ಎತ್ತದಿದ್ದರೆ ಈ ದಾರಿ ಅಲ್ಲಿಗೆ ಮುಗಿಯಿತು.

ಈ ದಾರಿಯನ್ನು ನಾನು ಖಂಡಿತ ಬೇಡ ಅನ್ನುವುದು ವಿದ್ಯುತ್ ಮತ್ತು ಗ್ಯಾಸ್ ಕೆಲಸದಲ್ಲಿ. ಸ್ವಿಚ್ ಬಿಸಿಯಾಗುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಗೀಸರ್ ಹಾಕಿದಾಗ ನಲ್ಲಿ ಮುಟ್ಟಿದರೆ ಜುಮ್ ಎಂದರೆ, ಮೊದಲು ಮೇನ್ ಆಫ್ ಮಾಡಿ. ಆಮೇಲೆ ಲೈಸೆನ್ಸ್ ಇರುವ ಬೇರೆ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಮನುಷ್ಯರನ್ನು ಶಾಕ್‌ನಿಂದ ಕಾಪಾಡಲು ಹಾಕುವ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್, ಸಾಮಾನ್ಯವಾಗಿ 30 ಮಿಲಿಆಂಪ್ ಸೋರಿಕೆಗೆ ಬೀಳುವಂಥದ್ದು. ಅದರ ಮೇಲಿನ ಟೆಸ್ಟ್ ಬಟನ್ ಒತ್ತಿದಾಗ ಬಿದ್ದರೆ ಆ ಪೆಟ್ಟಿಗೆ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ. ಅರ್ಥಿಂಗ್ ಸರಿ ಇದೆಯೇ ಎಂಬುದು ಅದರಿಂದ ಗೊತ್ತಾಗುವುದಿಲ್ಲ, ಅದನ್ನು ಮೀಟರ್ ಹಿಡಿದೇ ನೋಡಬೇಕು. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆಗೆದು ಹೊರಗೆ ಬಂದು ಗ್ಯಾಸಿನವರ ತುರ್ತು ಸಂಖ್ಯೆಗೆ ಫೋನ್ ಮಾಡಿ. ಇಲ್ಲಿ ಹಣ, ಸಂಬಂಧ, ನ್ಯಾಯ ಎಲ್ಲ ಆಮೇಲಿನ ಮಾತು.

ದಾರಿ ಎರಡು: ಬಾಕಿ ಹಣದಲ್ಲಿ ಕಡಿತ

ಕಣ್ಣಿಗೆ ಚೆನ್ನಾಗಿ ಕಾಣದಿದ್ದರೂ ಬಳಕೆಗೆ ತೊಂದರೆಯಿಲ್ಲದ ತಪ್ಪುಗಳಿಗೆ ಇದು ಒಳ್ಳೆಯ ದಾರಿ. ಟೈಲ್ಸ್ ಗೆರೆ ಅರ್ಧ ಇಂಚು ಓರೆ. ಬಾಗಿಲಿನ ಹಿಂದಿನ ಗೋಡೆಯಲ್ಲಿ ಬಣ್ಣದ ಕೋಟ್ ಒಂದು ಕಡಿಮೆ. ಇವನ್ನು ಕಿತ್ತು ಮತ್ತೆ ಮಾಡಿಸಿದರೆ ಧೂಳು, ತಲೆನೋವು ಜಾಸ್ತಿ, ಸಿಗುವ ಲಾಭ ಕಡಿಮೆ. "ಇದನ್ನು ಹೀಗೇ ಇಟ್ಟುಕೊಳ್ಳುತ್ತೇನೆ, ಇಷ್ಟು ಕಡಿಮೆ ಕೊಡುತ್ತೇನೆ" ಎಂದು ಮಾತಾಡಿ ಮುಗಿಸಬಹುದು.

ಎಷ್ಟು ಕಡಿತ ಅನ್ನುವುದರಲ್ಲಿ ಬಹಳ ಜನ ಎಡವುತ್ತಾರೆ. ಕೋಪ ಎಷ್ಟಿದೆಯೋ ಅಷ್ಟು ಕಡಿತವಲ್ಲ. ಬೇರೆಯವರು ಅದನ್ನು ಸರಿ ಮಾಡಲು ಎಷ್ಟು ಕೇಳುತ್ತಾರೆ ಎಂದು ಬರೆಸಿಕೊಂಡು ಬನ್ನಿ, ಅದೇ ಅಳತೆ. ಇಡೀ ಬಾಕಿಯನ್ನೇ ತಡೆಹಿಡಿದರೆ ಹಣ ಕೊಡದ ತಪ್ಪು ನಿಮ್ಮ ತಲೆಗೆ ಬರಬಹುದು. ಚೆನ್ನಾಗಿ ಮಾಡಿದ ಕೆಲಸದ ಹಣವನ್ನು ಕೊಟ್ಟುಬಿಡಿ. ಕೆಟ್ಟ ಭಾಗದ ಹಣವನ್ನು ಮಾತ್ರ ಹಿಡಿಯಿರಿ, ಯಾಕೆ ಹಿಡಿದಿದ್ದೇನೆ ಎಂದು ಬರೆದು ತಿಳಿಸಿ.

ಇನ್ನೊಂದು ವಿಷಯ ನನಗೆ ಮುಖ್ಯ. ಕಂಟ್ರಾಕ್ಟರ್ ಮೇಲಿನ ಸಿಟ್ಟು ಅವರ ಕೈಕೆಳಗಿನ ಕೂಲಿಯವರ ಹೊಟ್ಟೆಯ ಮೇಲೆ ಬೀಳಬಾರದು. ಸಿಮೆಂಟ್ ಹೊತ್ತವರಿಗೆ, ಟೈಲ್ಸ್ ಕತ್ತರಿಸಿದವರಿಗೆ ಕೂಲಿ ಬಂದಿದೆಯೇ ಎಂದು ಒಮ್ಮೆ ಕೇಳಿ. ಬಂದಿಲ್ಲದಿದ್ದರೆ ಅಷ್ಟನ್ನು ಕಂಟ್ರಾಕ್ಟರ್ ಒಪ್ಪಿಗೆಯನ್ನು ಬರೆಸಿಕೊಂಡು ನೇರವಾಗಿ ಕೊಡಬಹುದು.

ಬಳಕೆಗೇ ತೊಂದರೆ ಕೊಡುವ ತಪ್ಪಿಗೆ, ಅಂದರೆ ಸೋರಿಕೆ, ವೈರಿಂಗ್, ಮೆಟ್ಟಿಲು, ಮೆಟ್ಟಿಲಿನ ಕಂಬಿ ಇಂಥವಕ್ಕೆ, ಕಡಿತ ಒಪ್ಪಿಕೊಳ್ಳಬೇಡಿ. ಇವತ್ತು ಸಿಕ್ಕ ಸಣ್ಣ ಮೊತ್ತ ನಾಳೆ ಬರುವ ಖರ್ಚಿಗೆ ಯಾವ ಮೂಲೆಗೂ ಸಾಲದು. "ಲೆಕ್ಕ ಪೂರ್ತಿ ಚುಕ್ತಾ" ಎಂದು ಸಹಿ ಹಾಕಿಬಿಟ್ಟರೆ ಮತ್ತೆ ಕೇಳುವುದೂ ಕಷ್ಟ.

ದಾರಿ ಮೂರು: ಬೇರೆಯವರಿಂದ ಮಾಡಿಸುವುದು

ಕೆಲಸ ಗೊತ್ತಿಲ್ಲದೆ ಕೆಟ್ಟದ್ದು ಎಂದು ಖಾತ್ರಿಯಾದರೆ, ಅಥವಾ ಮೊದಲಿನವರು ಕೈಗೇ ಸಿಗದಿದ್ದರೆ, ಇದೇ ದಾರಿ. ಮನಸ್ಸಿಗೆ ನೆಮ್ಮದಿ ಸಿಗುತ್ತದೆ. ಖರ್ಚು ಮಾತ್ರ ಎಲ್ಲಕ್ಕಿಂತ ಜಾಸ್ತಿ, ಯಾಕೆಂದರೆ ಹೊಸದಾಗಿ ಮಾಡುವ ಕೂಲಿಯ ಜೊತೆಗೆ ಹಳೆಯದನ್ನು ಕೀಳುವ ಕೂಲಿ, ಕಸ ಸಾಗಿಸುವ ಖರ್ಚು, ಹೊಸ ಸಾಮಾನು ಎಲ್ಲ ಸೇರುತ್ತದೆ.

ಹೊಸಬರು ಬಂದ ಕೂಡಲೇ ಹಳಬರ ಕೆಲಸ ನೋಡಿ "ಯಾರ್ರೀ ಇದನ್ನ ಮಾಡಿದ್ದು, ಎಲ್ಲಾ ಕಿತ್ತಾಕ್ಬೇಕು" ಅನ್ನುವುದು ಇದ್ದದ್ದೇ. ಅದನ್ನು ನಂಬಿ ಸುತ್ತಿಗೆ ಎತ್ತಬೇಡಿ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಇಬ್ಬರನ್ನು ಬೇರೆ ಬೇರೆ ದಿನ ಕರೆಸಿ ಕಾರಣ ಕೇಳಿ. ಇಬ್ಬರೂ ಒಂದೇ ಕಾರಣ ಹೇಳಿದರೆ ಅದನ್ನು ನಂಬಬಹುದು. ಒಬ್ಬರು ಪೈಪ್ ಎಂದೂ ಇನ್ನೊಬ್ಬರು ವಾಟರ್‌ಪ್ರೂಫಿಂಗ್ ಎಂದೂ ಹೇಳಿದರೆ ಮೊದಲು ಪರೀಕ್ಷೆ ಮಾಡಿ. ಮನೆಯ ಎಲ್ಲ ನಲ್ಲಿ ಮುಚ್ಚಿ, ಫ್ಲಶ್ ಟ್ಯಾಂಕ್ ತುಂಬಿದ ಮೇಲೆ ನೀರಿನ ಮೀಟರ್ ನೋಡಿ. ಅದು ಇನ್ನೂ ತಿರುಗುತ್ತಿದ್ದರೆ ಮೀಟರಿನಿಂದಾಚೆ ನೀರು ಬರುವ ಪೈಪಿನಲ್ಲಿ ಎಲ್ಲೋ ಸೋರಿಕೆ ಇದೆ. ತಿರುಗದಿದ್ದರೆ ಸಂಶಯ ನೆಲದ ಕಡೆಗೂ ಹೊರಹೋಗುವ ಪೈಪಿನ ಕಡೆಗೂ ಹೋಗುತ್ತದೆ. ಮೇಲಿನ ಟ್ಯಾಂಕಿನಿಂದ ನೀರು ಬರುವ ಮನೆಯಾದರೆ ಮೀಟರಿನಲ್ಲಿ ಗೊತ್ತಾಗುವುದಿಲ್ಲ. ಟ್ಯಾಂಕಿಗೆ ನೀರು ಬರುವುದನ್ನು ನಿಲ್ಲಿಸಿ, ಒಳಗಿನ ಮಟ್ಟಕ್ಕೆ ಗುರುತು ಹಾಕಿ ರಾತ್ರಿಯಿಡೀ ಬಿಡಿ.

ಕೀಳುವ ಮುಂಚೆ ಸಾಕ್ಷಿ ಕೂಡಿಸಿಕೊಳ್ಳಿ. ಇದನ್ನು ಮರೆತು ಕೈ ಸುಟ್ಟುಕೊಂಡವರು ಬಹಳ ಜನ. ಹಳೆಯ ಕೆಲಸ ಕಿತ್ತು ಹೋದ ಮೇಲೆ ಅದು ಕೆಟ್ಟಿತ್ತು ಎಂದು ತೋರಿಸಲು ಏನೂ ಉಳಿಯುವುದಿಲ್ಲ. ದೂರದಿಂದ ಒಂದು ಫೋಟೋ, ಹತ್ತಿರದಿಂದ ಒಂದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಒಂದು. ಕೀಳುವಾಗಿನ ವಿಡಿಯೋ ಇರಲಿ. ಟೈಲಿನ ಬೆನ್ನಿನಲ್ಲಿ ಅಂಟು ಎಷ್ಟು ಹತ್ತಿದೆ ಎಂದು ಕಾಣುವ ಹಾಗೆ ಎರಡು ಟೈಲ್ಸ್ ತೆಗೆದಿಡಿ. "ಇಂಥ ದಿನ ಬೇರೆಯವರಿಂದ ಮಾಡಿಸುತ್ತಿದ್ದೇನೆ, ಅದಕ್ಕೂ ಮೊದಲು ನೋಡುವುದಿದ್ದರೆ ಬನ್ನಿ" ಎಂದು ಹಳಬರಿಗೆ ಒಂದು ಸಂದೇಶ ಕಳಿಸಿ.

ಹಳೆಯ ತಳದ ಮೇಲೆ ಹೊಸ ಕೆಲಸ ಮಾಡಿಸಿದರೆ ಹೊಸಬರು ಗ್ಯಾರಂಟಿ ಕೊಡಲು ಹಿಂಜರಿಯುತ್ತಾರೆ. ಅದು ಅವರ ನ್ಯಾಯ. ಎಲ್ಲಿಯವರೆಗೆ ಅವರ ಹೊಣೆ ಎಂದು ಮೊದಲೇ ಬರೆಸಿಕೊಳ್ಳಿ. ಹಳಬರು ಕೊಟ್ಟ ಗ್ಯಾರಂಟಿಯೂ ಬೇರೆಯವರ ಕೈ ಬಿದ್ದ ಮೇಲೆ ಹೋಗಬಹುದು.

ದಾರಿ ನಾಲ್ಕು: ರಿಪೇರಿ ಕೆಲಸ ಮಾಡದ ತಜ್ಞರಿಂದ ನೋಡಿಸುವುದು

ಇವರಿಗೆ ನಿಮ್ಮ ರಿಪೇರಿ ಕೆಲಸ ಸಿಗುವುದಿಲ್ಲ. ಹಾಗಾಗಿ ತಪ್ಪನ್ನು ದೊಡ್ಡದು ಮಾಡಿ ಹೇಳಿದರೂ ಸಣ್ಣದು ಮಾಡಿ ಹೇಳಿದರೂ ಇವರಿಗೆ ಲಾಭವಿಲ್ಲ. ಸಿವಿಲ್ ಎಂಜಿನಿಯರ್, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್, ಕಟ್ಟಡ ಪರಿಶೀಲಕರು ಇಂಥವರು. ಫೀಸು ಕೊಡಬೇಕು. ಬಣ್ಣದ ಜಗಳಕ್ಕೆ, ಕಪಾಟಿನ ಬಾಗಿಲಿಗೆ ಇವರು ಬೇಡ. ಗೋಡೆ ಒಡೆದು ಕೋಣೆ ದೊಡ್ಡದು ಮಾಡಿಸಿದ್ದು, ಮೇಲೆ ಇನ್ನೊಂದು ಮಹಡಿ ಏರಿಸಿದ್ದು, ತಾರಸಿ ಸೋರುತ್ತಿರುವುದು, ಇಡೀ ಮನೆಯ ವೈರಿಂಗ್, ಇವಕ್ಕೆ ಬೇಕೇ ಬೇಕು.

ಬಾಗಿಲು ಅಥವಾ ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಗೋಡೆಯ ಎರಡೂ ಬದಿ ಕಾಣುವ ಬಿರುಕು, ಅಗಲವಾಗುತ್ತಲೇ ಇರುವ ಬಿರುಕು ಇದ್ದರೆ ಮೇಸ್ತ್ರಿಯ ಪುಟ್ಟಿಗೆ ಒಪ್ಪಬೇಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ ತಾರೀಖು ಬರೆಯಿರಿ. ಗೆರೆ ದಾಟಿ ಬಿರುಕು ಮುಂದೆ ಹೋದರೆ ಎಂಜಿನಿಯರಿಗೆ ಅದೇ ಒಳ್ಳೆಯ ಮಾಹಿತಿ. ಅವರ ವರದಿಯನ್ನು ಬರವಣಿಗೆಯಲ್ಲೇ ಕೇಳಿ: ತಪ್ಪೇನು, ಕಾರಣವೇನು, ಸರಿ ಮಾಡುವ ಕ್ರಮವೇನು. ಈ ವರದಿ ಬಂದ ಮೇಲೆ ಎಷ್ಟೋ ಕಂಟ್ರಾಕ್ಟರ್‌ಗಳು ತಾವೇ ಸರಿ ಮಾಡಿಕೊಡಲು ಒಪ್ಪುತ್ತಾರೆ. ಆಗ ನೀವು ಮತ್ತೆ ಮೊದಲ ದಾರಿಗೆ ಬಂದ ಹಾಗಾಯಿತು, ಆದರೆ ಈ ಸಲ ಏನು ಮಾಡಬೇಕೆಂದು ಹೇಳುವವರು ಬೇರೆಯವರು.

ದಾರಿ ಐದು: ದೂರು

ಉಳಿದ ದಾರಿಗಳು ಮುಚ್ಚಿದ ಮೇಲೆ ಇದು. ಆ್ಯಪ್ ಅಥವಾ ಕಂಪನಿಯ ಮೂಲಕ ಕರೆಸಿದ್ದರೆ ಮೊದಲು ಅವರಲ್ಲೇ ದೂರು ಕೊಡಿ, ಅವರು ದೂರು ಸ್ವೀಕರಿಸುವ ಗಡುವನ್ನು ನೋಡಿಕೊಳ್ಳಿ. ಕಾರ್ಡಿನಲ್ಲಿ ಹಣ ಕೊಟ್ಟಿದ್ದರೆ ಬ್ಯಾಂಕಿನಲ್ಲಿ ತಕರಾರು ಹಾಕಲು ಸಾಧ್ಯವೇ ಎಂದು ಕೇಳಿ. ಆಮೇಲೆ ಲಿಖಿತ ನೋಟಿಸ್, ಮಧ್ಯಸ್ಥಿಕೆ, ಕೊನೆಗೆ ಗ್ರಾಹಕ ನ್ಯಾಯಾಲಯ ಅಥವಾ ಸಣ್ಣ ಮೊತ್ತದ ವ್ಯಾಜ್ಯ ನೋಡುವ ನ್ಯಾಯಾಲಯ. ಕಾನೂನಿನಲ್ಲಿ ದೂರಿಗೂ ಒಂದು ಅವಧಿ ಇರುತ್ತದೆ, "ನೋಡೋಣ" ಎಂದು ವರ್ಷಗಟ್ಟಲೆ ಬಿಟ್ಟರೆ ಹಕ್ಕೇ ಹೋಗಬಹುದು.

ಹೋಗುವುದೋ ಬೇಡವೋ ಎಂದು ತೀರ್ಮಾನಿಸಲು ಎರಡು ವಿಷಯ ನೋಡಿ. ಸರಿ ಮಾಡಿಸಲು ಆಗುವ ಖರ್ಚು ನೀವು ಓಡಾಡುವ ಸಮಯಕ್ಕೆ ತಕ್ಕಷ್ಟು ದೊಡ್ಡದೇ? ತೀರ್ಪು ಬಂದರೂ ಹಣ ಕೊಡುವ ಸ್ಥಿತಿಯಲ್ಲಿ ಎದುರಿನವರಿದ್ದಾರೆಯೇ? ಒಬ್ಬರೇ ಓಡಾಡಿ ಕೆಲಸ ಮಾಡುವ, ವಿಳಾಸವೂ ಗೊತ್ತಿಲ್ಲದವರ ಮೇಲೆ ಗೆದ್ದರೂ ಹಣ ಕೈಗೆ ಬರುವುದು ಕಷ್ಟ. ನೋಂದಾಯಿತ ಕಂಪನಿಯಾಗಿದ್ದು, ಬಿಲ್ ಇದ್ದು, ತಜ್ಞರ ವರದಿ ಇದ್ದರೆ ಹಿಂಜರಿಯಬೇಡಿ. ರಸೀದಿ ಇಲ್ಲದೆ ಕೈಯಲ್ಲಿ ಹಣ ಕೊಟ್ಟಿದ್ದರೂ ಸಂದೇಶಗಳು, ಫೋಟೋಗಳು, ಬ್ಯಾಂಕಿನಿಂದ ಹಣ ತೆಗೆದ ದಾಖಲೆ ಎಲ್ಲ ಸ್ವಲ್ಪ ಸ್ವಲ್ಪ ಆಸರೆಯಾಗುತ್ತವೆ. ಸಿಟ್ಟಿನಲ್ಲಿ ಅವರ ಹೆಸರು, ಫೋಟೋ ಹಾಕಿ ಬೈದು ಬರೆಯುವುದು ಮಾತ್ರ ಬೇಡ, ಅದೇ ನಿಮ್ಮ ಮೇಲಿನ ದೂರಾಗಬಹುದು.

ಕೊನೆಯ ಕಂತು ಕೊಡುವ ಮುಂಚೆ

ಕೆಲಸ ಇನ್ನೂ ನಡೆಯುತ್ತಿದ್ದರೆ ನೀವು ಅದೃಷ್ಟವಂತರು, ಎಲ್ಲ ದಾರಿಗಳೂ ತೆರೆದಿವೆ. ಕಟ್ಟಡದ ಒಪ್ಪಂದಗಳಲ್ಲಿ ಸಾಮಾನ್ಯವಾಗಿ 5 ರಿಂದ 10% ಹಣವನ್ನು ಕೆಲಸ ಮುಗಿದ ಮೇಲೂ ಕೆಲವು ತಿಂಗಳು ಹಿಡಿದಿಟ್ಟುಕೊಳ್ಳುವ ರೂಢಿಯಿದೆ. ಮನೆಯ ಸಣ್ಣ ಕೆಲಸಕ್ಕೂ ಇದನ್ನು ಮೊದಲ ದಿನವೇ ಮಾತಾಡಿಕೊಳ್ಳಿ, ಕೊನೆಗೆ ಹೇಳಿದರೆ ಮೋಸ ಮಾಡಿದ ಹಾಗಾಗುತ್ತದೆ.

ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಹಾಕುವ ಮುಂಚೆ, ಜಾಲರಿಯ ಬಾಯಿ ಮುಚ್ಚಿ 2 ರಿಂದ 5 ಸೆಂಟಿಮೀಟರ್ ನೀರು ನಿಲ್ಲಿಸಿ. ನೀರಿನ ಮಟ್ಟಕ್ಕೆ ಗುರುತು ಹಾಕಿ ಕನಿಷ್ಠ 24 ಗಂಟೆ, ಸಾಧ್ಯವಾದರೆ 48 ಗಂಟೆ ಬಿಡಿ. ಕೆಳಗಿನ ಸೂರು, ಪಕ್ಕದ ಗೋಡೆ ಒದ್ದೆಯಾಗಿದೆಯೇ ಎಂದು ಕೈ ಇಟ್ಟು ನೋಡಿ. ಒದ್ದೆಯಿದ್ದರೆ ಅವತ್ತೇ ಸರಿ ಮಾಡಿಸಿ, ಇನ್ನೊಮ್ಮೆ ನೀರು ನಿಲ್ಲಿಸಿ ನೋಡಿ. ಟೈಲ್ಸ್ ಪೆಟ್ಟಿಗೆ ಬಿಚ್ಚುವುದು ಅದಾದ ಮೇಲೆ.